ಕಂಚಿನ ಪ್ರತಿಮೆಗೆ ತಡವಾಗಿ ಬಂದ ಕೂಲಿಯಾಳು

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಸಿಂಧನೂರು–ಗಂಗಾವತಿ ಸೀಮೆಯಲ್ಲಿ ನಾಟಿಯ ಹಂಗಾಮಿಗೆ ಹೋದವರಿಗೆ ಮೊದಲು ಕಾಣುವುದು ಮುಖಗಳಲ್ಲ, ಬೆನ್ನುಗಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಹೆಂಗಸರು ಸಾಲಾಗಿ ಬಗ್ಗಿ, ಒಂದು ಕೈಯಲ್ಲಿ ಸಸಿಯ ಕಟ್ಟು ಹಿಡಿದು, ಇನ್ನೊಂದರಿಂದ ಕೆಸರಿಗೆ ಊರುತ್ತ ಹಿಂದಕ್ಕೆ ಸರಿಯುತ್ತಾರೆ. ರೈತನ ಪ್ರತಿಮೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಮಾತ್ರ ಹೆಗಲ ಮೇಲೆ ನೇಗಿಲು ಹೊತ್ತು ನೆಟ್ಟಗೆ ನಿಂತ ಗಂಡಸು. ಈ ಅಂತರ ಇಂದಿನದಲ್ಲ.

ಲೋಹದ ಮೂರ್ತಿ ಬಹುಕಾಲ ದೇವರ ಮತ್ತು ಅರಸರ ಪಾಲಿನದಾಗಿತ್ತು. ಹಂಪಿಯಿಂದ ಆಳಿದ ಕೃಷ್ಣದೇವರಾಯನು ತಿರುಮಲದೇವಿ, ಚಿನ್ನಾದೇವಿಯರೊಡನೆ ಕೈಮುಗಿದು ನಿಂತ ಲೋಹಪ್ರತಿಮೆಗಳು ತಿರುಮಲೆಯ ದೇವಾಲಯದಲ್ಲಿ ಇಂದಿಗೂ ಇವೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆನೆ, ಕುದುರೆ, ಬೇಟೆ, ಕುಣಿತಗಳು ಸಾಲುಗಟ್ಟಿವೆ. ಕಣಜ ತುಂಬಿದವರಿಗೆ ಅಷ್ಟು ಜಾಗ ಸಿಗಲಿಲ್ಲ. ಅವರು ಲೋಹದಲ್ಲಿ ಮೂಡದಿರುವುದಕ್ಕೆ ಖರ್ಚೂ ಒಂದು ಕಾರಣ. ಮೇಣದಲ್ಲಿ ಆಕೃತಿ ಮಾಡಿ, ಅದಕ್ಕೆ ಮಣ್ಣು ಮೆತ್ತಿ, ಕಾಸಿ ಮೇಣವನ್ನು ಹರಿಯಬಿಟ್ಟು, ಆ ಪೊಳ್ಳಿಗೆ ತಾಮ್ರ ಮತ್ತು ತವರ ಕೂಡಿದ ಕಂಚನ್ನು ಎರೆಯಬೇಕು. ಹಣ ಕೊಡುವವನು ತನ್ನನ್ನೋ ತನ್ನ ದೇವರನ್ನೋ ಮಾಡಿಸಿಕೊಳ್ಳುತ್ತಿದ್ದನೇ ಹೊರತು ತನ್ನ ಹೊಲದ ಆಳನ್ನಲ್ಲ.

ಯುರೋಪಿನಲ್ಲಿ ಈ ಕ್ರಮವನ್ನು ಮುರಿದವರಲ್ಲಿ ಬೆಲ್ಜಿಯಂನ ಶಿಲ್ಪಿ ಕಾನ್‌ಸ್ಟಾಂಟಿನ್ ಮೊನಿಯೆ ಒಬ್ಬ. ಬ್ರಸೆಲ್ಸ್‌ನಲ್ಲಿರುವ ಅವನ ಶ್ರಮ ಸ್ಮಾರಕದಲ್ಲಿ ಗಣಿಯಾಳು, ಕಮ್ಮಾರರ ಜೊತೆ ಬಿತ್ತುವವನೂ ಕಂಚಿನಲ್ಲಿದ್ದಾನೆ. ಆದರೆ ಮೊನಿಯೆ 1905ರಲ್ಲಿ ತೀರಿಕೊಂಡ ಮೇಲೆ, 1930ರಲ್ಲಷ್ಟೇ ಅದು ಸಾರ್ವಜನಿಕವಾಗಿ ನಿಂತಿತು. ನಮ್ಮ ಕಡೆ, ಮದ್ರಾಸು ಕಲಾಶಾಲೆಯ ಮುಖ್ಯಸ್ಥರಾಗಿದ್ದ ದೇವಿಪ್ರಸಾದ್ ರಾಯ್ ಚೌಧುರಿ ಅವರ ಶ್ರಮವಿಜಯದ ಕಂಚಿನ ಶಿಲ್ಪ 1959ರಲ್ಲಿ ಮರೀನಾ ಕಡಲತೀರದಲ್ಲಿ ಸ್ಥಾಪನೆಯಾಯಿತು. ಅಲ್ಲಿ ನಾಲ್ವರು ಬಂಡೆಯೊಂದನ್ನು ಸರಿಸಲು ಹೆಣಗುತ್ತಾರೆ. ಪ್ರತಿಯೊಬ್ಬನ ಮೈಯೂ ಭಾರಕ್ಕೆ ಎದುರಾಗಿ ವಾಲಿದೆ. ಹಾಗೆ ವಾಲಿದ, ಚಾಚಿದ ಮೈಯನ್ನು ಒತ್ತುಗಂಬವಿಲ್ಲದೆ ತಡೆದುಕೊಳ್ಳುವ ಶಕ್ತಿ ಕಂಚಿಗಿದೆ, ಕಲ್ಲಿಗಿಲ್ಲ. ಅಂದರೆ ಬಗ್ಗಿ ದುಡಿಯುವವರಿಗೆ ಹೊಂದುವ ಲೋಹವೇ ನೆಟ್ಟಗೆ ನಿಂತವರಿಗೆ ಮೀಸಲಾಗಿ ಉಳಿದಿತ್ತು.

1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿದ ಬಳಿಕ, ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳು ಎಷ್ಟೋ ಕಡೆ ಗದ್ದೆಗಳಾದವು. ಕೂರಿಗೆಯ ಹಿಂದೆ ನಡೆಯುತ್ತಿದ್ದ ದುಡಿಮೆ ಕೆಸರಿಗಿಳಿದು ಬಗ್ಗಿತು. ಪ್ರತಿಮೆಯ ಕಲ್ಪನೆ ಮಾತ್ರ ನೇಗಿಲಿನಲ್ಲೇ ನಿಂತಿದೆ. ನಾಟಿಯ ಹೆಂಗಸರನ್ನು ಎಂಟಡಿ ಕಟ್ಟೆಯ ಮೇಲಿಟ್ಟರೆ ದಾರಿಹೋಕರಿಗೆ ಕೈಯೂ ಕಾಣದು, ಸಸಿಯೂ ಕಾಣದು; ಅವರನ್ನು ಎರೆಯುವ ಶಿಲ್ಪಿ ಪೀಠವನ್ನೇ ಬಿಟ್ಟು, ಪಾದ ಹೂತ ನೆಲದ ಮಟ್ಟದಲ್ಲೇ ನಿಲ್ಲಿಸಬೇಕಾಗುತ್ತದೆ.