ಜಿಪಿಎಸ್ ಇದ್ದ ಮೇಲೂ ವಾಹನಗಳ ಗಡಿಯಾರ ತಪ್ಪುವುದೇಕೆ?

ಪ್ರಶ್ನೆ: ರೇಡಿಯೊ ಮೂಲಕ ಪರಸ್ಪರ ಎಚ್ಚರಿಸುವ ವಾಹನಗಳ ಗಡಿಯಾರಗಳೆಲ್ಲ ಒಂದೇ ಸಮಯ ಹೇಳಬೇಕಂತೆ. ಪ್ರತಿಯೊಂದರಲ್ಲೂ ಜಿಪಿಎಸ್ ಇರುವಾಗ ಇದರಲ್ಲೇನು ಕಷ್ಟ?

ಬಯಲು ಹೆದ್ದಾರಿಯಲ್ಲಿ ಏನೂ ಕಷ್ಟವಿಲ್ಲ. ಉಪಗ್ರಹದ ಪರಮಾಣು ಗಡಿಯಾರವನ್ನು ಅನುಸರಿಸಿದರೆ ವ್ಯತ್ಯಾಸ ಒಂದು ಮೈಕ್ರೊಸೆಕೆಂಡನ್ನೂ ಮುಟ್ಟುವುದಿಲ್ಲ. ಆಕಾಶ ಮರೆಯಾದರೆ ಮಾತ್ರ ವಾಹನ ತನ್ನದೇ ಗಡಿಯಾರವನ್ನು ನಡೆಸುವ ಕ್ವಾರ್ಟ್ಜ್ ಹರಳನ್ನೇ ನೆಚ್ಚಿಕೊಳ್ಳಬೇಕು.

ಹಿಮಾಚಲದ ಅಟಲ್ ಸುರಂಗವನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 9 ಕಿ.ಮೀ.; ಗಂಟೆಗೆ 60 ಕಿ.ಮೀ. ವೇಗದಲ್ಲಿ ದಾಟಲು 540 ಸೆಕೆಂಡು ಬೇಕು. ಹರಳು ಹತ್ತು ಲಕ್ಷಕ್ಕೆ ಹತ್ತು ಪಾಲು ತಪ್ಪುತ್ತದೆ ಎಂದುಕೊಂಡರೆ, ಹೊರಬರುವಷ್ಟರಲ್ಲಿ 5.4 ಮಿಲಿಸೆಕೆಂಡು ವ್ಯತ್ಯಾಸ. ಒಂದು ಕಾರಿನ ಗಡಿಯಾರ ಮುಂದೋಡಿ ಇನ್ನೊಂದರದು ಹಿಂದುಳಿದರೆ ಇದು ಇಮ್ಮಡಿ.

5.4 ಮಿಲಿಸೆಕೆಂಡಿನಲ್ಲಿ ಕಾರು ಸಾಗುವುದು ಬರೀ 9 ಸೆಂಟಿಮೀಟರ್. ಆದ್ದರಿಂದ ಕಾರು ಎಲ್ಲಿದೆ ಎಂಬ ಲೆಕ್ಕ ಕೆಡುವುದಿಲ್ಲ, ಪೆಟ್ಟು ಬೀಳುವುದು ರೇಡಿಯೊ ಚಾನೆಲ್ ಬದಲಿಸುವ ಸರದಿಗೆ. ವಾಹನಗಳ ರೇಡಿಯೊ ಚಾನೆಲ್ ಹಂಚಿಕೆಯ ಐಇಇಇ 1609.4 ಮಾನದಂಡದಲ್ಲಿ ಪ್ರತಿ 100 ಮಿಲಿಸೆಕೆಂಡಿನ ಅರ್ಧ ಎಲ್ಲರೂ ಆಲಿಸಬೇಕಾದ ನಿಯಂತ್ರಣ ಚಾನೆಲ್‌ಗೆ, ಉಳಿದರ್ಧ ಇತರ ಸೇವೆಗಳಿಗೆ. ಪ್ರತಿ ಸರದಿಯ ಆರಂಭದಲ್ಲಿ ಯಾರೂ ಏನನ್ನೂ ಸಾರದ ಬಿಡುವು 4 ಮಿಲಿಸೆಕೆಂಡು ಮಾತ್ರ. ಅದನ್ನು ಮೀರಿ ಗಡಿಯಾರ ತಪ್ಪಿತೆಂದರೆ, ಮುಂದಿನ ಕಾರು ತಾನು ಬ್ರೇಕ್ ಹಾಕಿದ್ದನ್ನು ಸಾರುವ ಹೊತ್ತಿಗೆ ಒಂದೇ ರೇಡಿಯೊ ಇರುವ ಹಿಂದಿನ ಕಾರು ಬೇರೆ ಚಾನೆಲ್ ಆಲಿಸುತ್ತಿರಬಹುದು. ನನಗೆ ನಿಜಕ್ಕೂ ಆತಂಕ ತರುವುದು ಇದು.

ವೇಗ ತಾನಾಗಿ ಗಡಿಯಾರವನ್ನು ಕೆಡಿಸುವುದಿಲ್ಲ. ಆದರೆ ನೆರೆಹೊರೆಯನ್ನು ಬದಲಿಸುತ್ತಲೇ ಇರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಬದುರಾಗುವ ಎರಡು ಕಾರುಗಳ ರೇಡಿಯೊ 300 ಮೀಟರ್ ತಲುಪುವುದಾದರೆ, ಅವುಗಳ ಒಡನಾಟ ಹನ್ನೊಂದು ಸೆಕೆಂಡು ಇದ್ದರೆ ಹೆಚ್ಚು. ಪರಸ್ಪರರ ಗಡಿಯಾರಗಳ ಸರಾಸರಿಯನ್ನು ಸಾವಕಾಶವಾಗಿ ತೆಗೆದು ಹೊಂದಿಕೊಳ್ಳಲು ಅಷ್ಟು ಸಮಯ ಸಾಲದು.

ಹಾಗಾದರೆ ಯಾರನ್ನು ನಂಬಬೇಕು? ಕೇಂದ್ರವಿಲ್ಲದ ವೈಫೈ ಜಾಲದ ಹಳೆಯ ನಿಯಮದಲ್ಲಿ ಯಾರ ಗಡಿಯಾರ ಮುಂದಿದೆಯೋ ಅದನ್ನೇ ಉಳಿದವರು ಒಪ್ಪುತ್ತಾರೆ. ಕೆಟ್ಟು ಮುಂದೋಡುವ ಗಡಿಯಾರ ಒಂದಿದ್ದರೂ ಎಲ್ಲರನ್ನೂ ಎಳೆದೊಯ್ಯುತ್ತದೆ. ಎಲ್‌ಟಿಇ (4ಜಿ ಮೊಬೈಲ್ ತಂತ್ರಜ್ಞಾನ) ಆಧಾರಿತ ವಾಹನ ಸಂವಹನ ವ್ಯವಸ್ಥೆಯಾದ ಸಿ-ವಿ2ಎಕ್ಸ್‌ನ ಕ್ರಮ ಇದಕ್ಕಿಂತ ಎಷ್ಟೋ ಮೇಲು. ಅಲ್ಲಿ ಸಮಯ ನೇರವಾಗಿ ಉಪಗ್ರಹದಿಂದ ಬಂದದ್ದೋ, ಇನ್ನೊಂದು ವಾಹನದಿಂದ ಪಡೆದದ್ದೋ ಎಂಬುದನ್ನೂ ಸಾರಬಹುದು; ಮೂಲಕ್ಕೆ ಹತ್ತಿರವಿರುವವರಿಗೆ ಆದ್ಯತೆ. ಹಾಗಾಗಿ ಈಗಷ್ಟೇ ಸುರಂಗ ಹೊಕ್ಕ ಕಾರು ಒಳಗಿನವರ ಗಡಿಯಾರವನ್ನು ತಿದ್ದಬಲ್ಲದು.

ವಾಹನ ಸಂಚಾರ ವಿರಳವಾದ ರಾತ್ರಿಗಳಲ್ಲಿ ಇದೂ ಕೈಕೊಡಬಹುದು. ಉದ್ದ ಸುರಂಗಗಳಲ್ಲಿ ಹೊರಗಿನ ಆಂಟೆನಾದಿಂದ ಕೇಬಲ್ ಮೂಲಕ ಸಮಯ ಪಡೆದು ಬಿತ್ತರಿಸುವ ಘಟಕಗಳನ್ನು ಗೋಡೆಗೇ ಅಳವಡಿಸಬೇಕು.