ತೋಟಕ್ಕೆ ಬಂದವರ ಬಳಿ ಆಧಾರ್ ಇದ್ದರೆ ಸಾಕಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಇಪ್ಪತ್ತು ಎಕರೆ ಕಾಫಿ ತೋಟ. ಕೊಯ್ಲಿಗೆ ಮೇಸ್ತ್ರಿ ಅಸ್ಸಾಂನವರನ್ನು ಕರೆತಂದಿದ್ದಾನೆ. ಎಲ್ಲರ ಹತ್ತಿರವೂ ಆಧಾರ್ ಇದೆ. ಆದರೂ ಊರಲ್ಲಿ "ಇವರು ಬಾಂಗ್ಲಾದವರು, ನಾಳೆ ನಿಮಗೇ ತೊಂದರೆ" ಅಂತಾರೆ. ಆಧಾರ್ ಇದ್ದರೆ ಭಾರತೀಯರು ಅಂತ ಅಲ್ವಾ? ಅನುಮಾನ ಬಂದರೆ ಕೆಲಸದಿಂದ ತೆಗೆಯಬಹುದಾ?

ಉತ್ತರ: ಹಣ್ಣು ಕೆಂಪಾಗುವ ಹೊತ್ತಿಗೆ ಸಕಲೇಶಪುರ, ಆಲ್ದೂರು, ಬಾಳೆಹೊನ್ನೂರು ಎಲ್ಲ ಕಡೆಯಲ್ಲೂ ಕೇಳಿಬರುವ ಪ್ರಶ್ನೆ ಇದು. ನೇರವಾಗಿ ಹೇಳುವುದಾದರೆ, ಆಧಾರ್ ಪೌರತ್ವದ ಪುರಾವೆ ಅಲ್ಲ. 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್‌ನಲ್ಲೇ ಹಾಗೆ ಬರೆದಿದೆ. ಅರ್ಜಿ ಹಾಕುವ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸ ಇದ್ದವರಿಗೆ ಆಧಾರ್ ಸಿಗುತ್ತದೆ. ವೀಸಾ ಮೇಲೆ ಓದಲು ಬಂದ ವಿದೇಶಿ ಹುಡುಗನೂ ಕಾನೂನುಬದ್ಧವಾಗಿಯೇ ಅದನ್ನು ಪಡೆಯಬಹುದು.

ಹಾಗಂತ ಆಧಾರ್ ಒಂದೇ ತೋರಿಸಿದವನು ವಿದೇಶಿ ಅಂತಲೂ ಆಗುವುದಿಲ್ಲ. ಇಷ್ಟನ್ನು ಊರಿನವರು ಮರೆಯುತ್ತಾರೆ. ಯೋಚನೆ ಮಾಡಿ, ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಪೌರತ್ವದ ಕಾಗದ ಏನಿದೆ? ಪಾಸ್‌ಪೋರ್ಟ್ ಮಾಡಿಸದ ಬಹುಪಾಲು ಭಾರತೀಯರ ಬಳಿ ಅಂಥ ಒಂದು ಕಾರ್ಡ್ ಇಲ್ಲವೇ ಇಲ್ಲ. 1955ರ ಪೌರತ್ವ ಕಾಯ್ದೆ ಹುಟ್ಟಿದ ದಿನಾಂಕ ನೋಡಿ ಲೆಕ್ಕ ಹಾಕುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ್ದರೆ ಅಷ್ಟೇ ಸಾಕು. ಅಲ್ಲಿಂದ 2004ರ ಡಿಸೆಂಬರ್ 3ರ ಒಳಗೆ ಹುಟ್ಟಿದ್ದರೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ನಿಮ್ಮ ತೋಟದಲ್ಲಿ ಹಣ್ಣು ಕುಯ್ಯುವ ಇಪ್ಪತ್ತು ವರ್ಷದ ಹುಡುಗನ ಪೌರತ್ವ ತೀರ್ಮಾನ ಆಗಬೇಕಾದರೆ ಅವನ ಅಪ್ಪ ಅಮ್ಮನ ಕಾಗದವೂ ಬೇಕು. ಅದನ್ನು ಆಳುಗಳ ಲೈನ್ ಮನೆ ಮುಂದೆ ನಿಂತು ನೋಡಿ ಹೇಳಲು ಯಾರಿಗೂ ಆಗುವುದಿಲ್ಲ.

ಅಸ್ಸಾಂನವರಿಗೆ ಇದು ಇನ್ನೂ ಕಷ್ಟ. ಅಲ್ಲಿಗೆ ಬೇರೆಯೇ ಗಡುವು ಇದೆ. ವಿದೇಶಿಯರನ್ನು ಹೊರಹಾಕಿ ಅಂತ ನಡೆದ ಆರು ವರ್ಷದ ಚಳವಳಿಯ ನಂತರ 1985ರ ಆಗಸ್ಟ್ 15ರಂದು ಅಸ್ಸಾಂ ಒಪ್ಪಂದ ಆಯಿತು, ಪೌರತ್ವ ಕಾಯ್ದೆಗೆ 6ಎ ಸೆಕ್ಷನ್ ಸೇರಿತು. 1966ಕ್ಕಿಂತ ಮೊದಲು ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಬಂದು ನೆಲೆಸಿದವರು ಪೌರರು. 1966ರಿಂದ 1971ರ ಮಾರ್ಚ್ 24ರವರೆಗೆ ಬಂದವರು ಹೆಸರು ನೋಂದಾಯಿಸಿ, ಹತ್ತು ವರ್ಷ ಮತದಾನದ ಹಕ್ಕಿಲ್ಲದೆ ಕಳೆದು, ಆಮೇಲೆ ಪೂರ್ತಿ ಪೌರರು. ಈ ಸೆಕ್ಷನ್ ಪ್ರಕಾರ ಅದರ ನಂತರ ಬಂದವರು ಅಕ್ರಮ ವಲಸಿಗರು. ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 17ರಂದು 4:1 ಬಹುಮತದಲ್ಲಿ ಈ ಸೆಕ್ಷನ್ನನ್ನು ಎತ್ತಿಹಿಡಿಯಿತು.

ಈ ಗಡುವಿನ ಮೇಲೆ ಅಸ್ಸಾಂನಲ್ಲಿ ಎನ್‌ಆರ್‌ಸಿ, ಅಂದರೆ ಪೌರರ ರಾಷ್ಟ್ರೀಯ ನೋಂದಣಿ, ಪಟ್ಟಿ ಮಾಡಿದರು. ಸುಮಾರು 3.3 ಕೋಟಿ ಜನ ಅರ್ಜಿ ಹಾಕಿದರು. 2019ರ ಆಗಸ್ಟ್ 31ರಂದು ಪಟ್ಟಿ ಹೊರಬಂದಾಗ 19 ಲಕ್ಷಕ್ಕೂ ಜಾಸ್ತಿ ಜನರ ಹೆಸರು ಇರಲಿಲ್ಲ. ಅವರೆಲ್ಲ ವಿದೇಶಿಯರು ಅಂತ ಅಲ್ಲ, ಅವರು ವಿದೇಶಿಯರ ನ್ಯಾಯಮಂಡಳಿಯಲ್ಲಿ ತಮ್ಮ ವಾದ ಹೇಳಿಕೊಳ್ಳಬೇಕು ಅಂತ. ಬ್ರಹ್ಮಪುತ್ರ ಪ್ರತಿ ಮಳೆಗಾಲ ದಡ ಕೊರೆಯುತ್ತದೆ, ನದಿ ನಡುವಿನ ದಿಬ್ಬಗಳು ಮನೆ ಸಮೇತ ಕೊಚ್ಚಿ ಹೋಗುತ್ತವೆ. ಐವತ್ತು ವರ್ಷದ ಹಿಂದಿನ ಕಾಗದ ಕೇಳಿದರೆ ಎಲ್ಲಿಂದ ತರುತ್ತಾರೆ? ಒಂದು ಕಾಗದದಲ್ಲಿ ಅಪ್ಪನ ಹೆಸರು ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ನಮ್ಮ ಪಹಣಿಗಳಲ್ಲಿ ಹೆಸರು ತಿದ್ದಿಸಲು ತಾಲ್ಲೂಕು ಆಫೀಸಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಭಾಷೆ. "ಬಂಗಾಳಿ ಮಾತಾಡ್ತಾರೆ, ಅದಕ್ಕೇ ಬಾಂಗ್ಲಾದವರು" ಅನ್ನುವುದು ನಾನು ಕೇಳಿದ ವಾದಗಳಲ್ಲೆಲ್ಲ ತೀರಾ ಸಡಿಲವಾದದ್ದು. ಪಶ್ಚಿಮ ಬಂಗಾಳದಲ್ಲಿ ಒಂಬತ್ತು ಕೋಟಿಗೂ ಜಾಸ್ತಿ ಜನ ಇದ್ದಾರೆ. ತ್ರಿಪುರಾದಲ್ಲಿ ಬಹುಪಾಲು ಜನರ ಮಾತು ಬಂಗಾಳಿ. ಅಸ್ಸಾಂನ ಬರಾಕ್ ಕಣಿವೆಯಲ್ಲಿ ಬಂಗಾಳಿ ಅಧಿಕೃತ ಭಾಷೆ. ಬ್ರಹ್ಮಪುತ್ರದ ದಡದ ಧುಬ್ರಿ, ಬರ್ಪೇಟ ಕಡೆಗೆ ಈಗ ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಿಂದ ಬೇಸಾಯಗಾರರು ಬಂದದ್ದು ಬ್ರಿಟಿಷರ ಕಾಲದಲ್ಲಿ, ಆಗ ನಡುವೆ ಗಡಿಯೇ ಇರಲಿಲ್ಲ. ಕೊಯ್ಲಿಗೆ ಬರುವವರಲ್ಲಿ ಚಹಾ ತೋಟದ ಆದಿವಾಸಿಗಳೂ ಇರುತ್ತಾರೆ. ಅವರ ಹಿರಿಯರು ಛೋಟಾ ನಾಗಪುರದ, ಅಂದರೆ ಈಗಿನ ಜಾರ್ಖಂಡ್ ಕಡೆಯವರು.

ಅಕ್ರಮ ವಲಸೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬಾಂಗ್ಲಾದೇಶದ ಜೊತೆ ನಮ್ಮ ಗಡಿ 4,096 ಕಿ.ಮೀ. ಉದ್ದ. ನಡುನಡುವೆ ನದಿ, ಜೌಗು ಇರುವ ಕಡೆ ಬೇಲಿ ಇಲ್ಲ. ದಲ್ಲಾಳಿಗಳಿದ್ದಾರೆ, ನಕಲಿ ಕಾಗದ ಮಾಡಿಕೊಡುವವರಿದ್ದಾರೆ. ಎಷ್ಟು ಜನ ಬಂದಿದ್ದಾರೆ ಅನ್ನುವುದಕ್ಕೆ ಮಾತ್ರ ಗಟ್ಟಿ ಲೆಕ್ಕ ಇಲ್ಲ. 2004ರಲ್ಲಿ ಕೇಂದ್ರದ ಗೃಹ ಖಾತೆ ರಾಜ್ಯ ಸಚಿವ ಶ್ರೀಪ್ರಕಾಶ್ ಜೈಸ್ವಾಲ್ ಸಂಸತ್ತಿನಲ್ಲಿ 1.2 ಕೋಟಿ ಅಂದರು, ಆಮೇಲೆ ಆ ಅಂಕಿಯನ್ನು ಹಿಂತೆಗೆದುಕೊಂಡರು. 2016ರಲ್ಲಿ ಅದೇ ಖಾತೆಯ ಕಿರಣ್ ರಿಜಿಜು ಸುಮಾರು 2 ಕೋಟಿ ಅಂದರು. ಸರ್ಕಾರದ ಅಂಕಿಯೇ ಇಷ್ಟು ಅಲುಗಾಡುವಾಗ ವಾಟ್ಸಾಪ್‌ನಲ್ಲಿ ಬಂದ ಜಿಲ್ಲಾವಾರು ಲೆಕ್ಕವನ್ನು ನಂಬುವುದು ಹೇಗೆ?

ಹಾಗಾದರೆ ತೀರ್ಮಾನ ಯಾರದು? ನಿಮ್ಮದಲ್ಲ, ಮೇಸ್ತ್ರಿಯದಲ್ಲ, ರಸ್ತೆಯಲ್ಲಿ ಗಾಡಿ ಅಡ್ಡ ಹಾಕಿ ಕಾರ್ಡ್ ಕೇಳುವ ಹುಡುಗರದ್ದಂತೂ ಅಲ್ಲವೇ ಅಲ್ಲ. ಅದು ಕಾನೂನಿನ ಪ್ರಕಾರ ಸರ್ಕಾರ, ನ್ಯಾಯಮಂಡಳಿ, ಕೋರ್ಟುಗಳದ್ದು. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆ ಕಾನೂನುಗಳ ಜಾಗಕ್ಕೆ ಅದು ಬಂದಿದೆ. ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ನಕಲಿ ಪಾಸ್‌ಪೋರ್ಟ್, ವೀಸಾ ಬಳಸಿದ್ದರೆ ಎರಡರಿಂದ ಏಳು ವರ್ಷ. ಗೊತ್ತಿದ್ದೂ ಇಂಥದ್ದಕ್ಕೆ ನೆರವು ಕೊಡುವುದೂ ಅಪರಾಧ. ನೀವು ಗಮನಿಸಬೇಕಾದ್ದು "ಗೊತ್ತಿದ್ದೂ" ಅನ್ನುವ ಮಾತನ್ನು.

ಸಾಮಾನ್ಯ ಕೇಸಿನಲ್ಲಿ ಆರೋಪ ಸಾಬೀತು ಮಾಡುವ ಹೊಣೆ ಪೊಲೀಸರದು. ಇಲ್ಲಿ ಮಾತ್ರ, ತಾನು ವಿದೇಶಿ ಅಲ್ಲ ಅಂತ ಆ ವ್ಯಕ್ತಿಯೇ ತೋರಿಸಬೇಕು. ಆದರೆ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಅಸ್ಸಾಂನ ಒಂದು ಪ್ರಕರಣದಲ್ಲಿ ಸ್ಪಷ್ಟ ಮಾಡಿತು: ಕೈಯಲ್ಲಿ ಒಂದಿಷ್ಟಾದರೂ ಆಧಾರ ಇಲ್ಲದೆ ಸುಮ್ನೆ ಯಾರನ್ನೋ ಆರಿಸಿ "ಸಾಬೀತು ಮಾಡು" ಅನ್ನುವ ಹಾಗಿಲ್ಲ. ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ದೂರದ್ದಲ್ಲ. 2025ರಲ್ಲಿ ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ದಾಟಿಸಿದ್ದ ಪಶ್ಚಿಮ ಬಂಗಾಳದ ಒಬ್ಬ ಗರ್ಭಿಣಿಯನ್ನು ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಡಿಸೆಂಬರಿನಲ್ಲಿ ವಾಪಸ್ ಕರೆತರಬೇಕಾಯಿತು.

ನೀವು ಮಾಡಬೇಕಾದ್ದು ದಾಖಲೆ ಇಡುವ ಕೆಲಸ. ಬಂದ ದಿನವೇ ಪ್ರತಿಯೊಬ್ಬರ ಹೆಸರು, ಊರು, ಜಿಲ್ಲೆ, ಪೊಲೀಸ್ ಠಾಣೆ, ಮನೆಯವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಅವರ ಒಪ್ಪಿಗೆ ಪಡೆದು ಆಧಾರ್ ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಫೋಟೊ ಅಂಟಿಸಿ ಪ್ರಿಂಟ್ ಹಾಕಿದ ನಕಲಿ ಕಾರ್ಡ್ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮತದಾರರ ಚೀಟಿ, ರೇಷನ್ ಕಾರ್ಡ್ ಇದ್ದರೆ ಅದರ ಪ್ರತಿಯೂ ಇರಲಿ. ಪಟ್ಟಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸ್ವೀಕೃತಿ ಮುಖ್ಯ. ನಾಳೆ ಯಾರಾದರೂ ಬೆರಳು ತೋರಿಸಿದರೆ ನಿಮ್ಮ ಕೈಯಲ್ಲಿರುವುದು ಅದೊಂದೇ.

ಮೇಸ್ತ್ರಿಯ ಲೈಸೆನ್ಸ್ ಕೇಳಿದ್ದೀರಾ? ಬಹಳ ಬೆಳೆಗಾರರು ಕೇಳುವುದಿಲ್ಲ. ಹೊರ ರಾಜ್ಯದಿಂದ ಜನ ಕರೆತರುವ ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕು ಅಂತ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅಂಥ ಐದು ಜನ ಇದ್ದರೆ ಅದು ಅನ್ವಯ ಆಗುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಸಂಖ್ಯೆ ಹತ್ತಕ್ಕೆ ಏರಿದೆ. ಯಾರು ಎಲ್ಲಿಂದ ಬಂದರು ಅನ್ನುವ ಲೆಕ್ಕ ಈ ಕಾನೂನಿನ ದಾರಿಯಲ್ಲೇ ಸಿಗಬೇಕಿತ್ತು. ನಲವತ್ತು ವರ್ಷ ಅದನ್ನು ಗಟ್ಟಿಯಾಗಿ ಜಾರಿ ಮಾಡದೆ, ಈಗ ಲೈನ್ ಮನೆಗೆ ಟಾರ್ಚ್ ಹಿಡಿದು ಹೋದರೆ ಏನು ಬಂತು?

ನನ್ನ ಅಭಿಪ್ರಾಯ ಇದು. ಹಿಂದೆ ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ಆಳುಗಳು ಬರುತ್ತಿದ್ದರು. ಅವರ ಮಕ್ಕಳು ಓದಿದರು, ಬೆಂಗಳೂರು ಸೇರಿದರು. ನಮ್ಮ ಊರಿನ ಮಕ್ಕಳೂ ಅಷ್ಟೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು, ಕುಯ್ಯುವವರು ಬೇಕೇ ಬೇಕು. ಕಾಗದ ಸರಿ ಇಲ್ಲದವನು ಕೂಲಿ ಕಡಿಮೆ ಕೊಟ್ಟರೂ ದೂರು ಕೊಡುವುದಿಲ್ಲ. ಅಂಥವನೇ ಇರಲಿ ಅಂತ ಆಸೆಪಡುವ ಮೇಸ್ತ್ರಿಗಳೂ ಮಾಲೀಕರೂ ಇರುವವರೆಗೆ ಗಡಿ ದಾಟಿಸುವ ದಲ್ಲಾಳಿಗೆ ಕೆಲಸ ಇದ್ದೇ ಇರುತ್ತದೆ. ಎಲ್ಲರಿಗೂ ಒಂದೇ ಕೂಲಿ, ಎಲ್ಲರ ಹೆಸರೂ ರಿಜಿಸ್ಟರಿನಲ್ಲಿ ಅಂತ ಕಟ್ಟುನಿಟ್ಟು ಮಾಡಿದರೆ ಆ ಲಾಭ ಹೋಗುತ್ತದೆ. ಗಡಿ ಕಾಯುವುದು ಕೇಂದ್ರದ ಕೆಲಸ, ಇದು ಜಿಲ್ಲೆಯಲ್ಲೇ ಆಗುವ ಕೆಲಸ.

ಕೊನೆಯದಾಗಿ, ಅನುಮಾನ ಬಂದರೆ ಕೆಲಸದಿಂದ ತೆಗೆಯಬಹುದಾ? ಕಾರ್ಡ್ ನಕಲಿ ಅಂತ ಕಂಡುಬಂದರೆ ಠಾಣೆಗೆ ತಿಳಿಸಿ, ಮುಂದಿನದನ್ನು ಅವರು ನೋಡಲಿ. ಕೂಡಿಹಾಕುವುದು, ಫೋನ್, ಕಾರ್ಡ್ ಕಿತ್ತಿಟ್ಟುಕೊಳ್ಳುವುದು ಮಾಡಬೇಡಿ, ಕೇಸು ನಿಮ್ಮ ಮೇಲೆ ಬೀಳುತ್ತದೆ. ಬರೀ ಊರಿನವರ ಮಾತು ಕೇಳಿ ಕಳಿಸುವುದಾದರೆ ಅದು ನಿಮ್ಮಿಷ್ಟ, ನಾನಾದರೆ ಕಳಿಸುವುದಿಲ್ಲ. ಎರಡೂ ಸಂದರ್ಭದಲ್ಲಿ ಅಲ್ಲಿಯವರೆಗೆ ಕುಯ್ದ ಹಣ್ಣಿನ ಕೂಲಿಯನ್ನು ಮೇಸ್ತ್ರಿ ಕೈಗೆ ಕೊಡದೆ ಅವರವರ ಕೈಗೇ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ.