ಕೈಕಾಲು ಸಣ್ಣ, ಕುಡಿತ ಇಲ್ಲ. ಆದರೂ ಫ್ಯಾಟಿ ಲಿವರ್ ಯಾಕೆ?

ಪ್ರಶ್ನೆ: ನನಗೆ 27 ವರ್ಷ. ಎತ್ತರ 170 ಸೆಂ.ಮೀ., ತೂಕ 64 ಕೆ.ಜಿ. ಊರು ತೀರ್ಥಹಳ್ಳಿ ಹತ್ತಿರ. ಮನೆಯಿಂದಲೇ ಕಂಪನಿ ಕೆಲಸ, ಜೊತೆಗೆ ಸ್ವಲ್ಪ ಅಡಿಕೆ ತೋಟ. ಹೊಟ್ಟೆನೋವು ಅಂತ ಶಿವಮೊಗ್ಗದಲ್ಲಿ ಸ್ಕ್ಯಾನಿಂಗ್ ಮಾಡಿಸಿದರೆ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ಬಂತು. ನಾನು ಕುಡಿಯುವುದಿಲ್ಲ. ಅಪ್ಪ ನಂಬುತ್ತಿಲ್ಲ. ಇದು ಹೇಗೆ ಬಂತು?

ಉತ್ತರ: ಅಪ್ಪನಿಗೆ ಧೈರ್ಯವಾಗಿ ಹೇಳಿ, ಲಿವರ್‌ನಲ್ಲಿ ಕೊಬ್ಬು ತುಂಬುವ ಈ ತೊಂದರೆ ಕುಡಿಯದವರಿಗೂ ಬರುತ್ತದೆ. ತೆಳ್ಳಗಿರುವವರಿಗೂ ಬರುತ್ತದೆ.

ಈಗ ತೂಕದ ಮಷಿನ್ ಬಿಟ್ಟು ಟೈಲರ್ ಟೇಪ್ ತನ್ನಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳ್ಕೊಬೇಡಿ! ಪ್ಯಾಂಟಿನ ಸೈಜ್ ಲೆಕ್ಕಕ್ಕಿಲ್ಲ, ಅದನ್ನು ನಾವು ಹೊಟ್ಟೆಯ ಕೆಳಗೆ ಹಾಕುತ್ತೇವೆ. ಭಾರತೀಯ ಗಂಡಸರಿಗೆ 90 ಸೆಂ.ಮೀ. ದಾಟಿದರೆ ಜಾಸ್ತಿ. ಸೊಂಟ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಬೇಕು, ಹಾಗಾಗಿ ನಿಮ್ಮ ಎತ್ತರಕ್ಕೆ 85 ದಾಟಿದರೇ ಎಚ್ಚರ ವಹಿಸಿ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮನ್ನೂ ಇಂಗ್ಲೆಂಡಿನ ಗೆಳೆಯ ಜಾನ್ ಯುಡ್‌ಕಿನ್ ಅವರನ್ನೂ ಪಕ್ಕಪಕ್ಕ ನಿಲ್ಲಿಸಿ ಒಂದು ಲೆಕ್ಕ ಕೊಟ್ಟರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್‌ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನಿಮ್ಮ ಬಿಎಂಐ ಕೂಡ 22ರ ಆಸುಪಾಸು. ನೋಡೋಕೆ ಸಣ್ಣ, ಒಳಗೆ ಕೊಬ್ಬು.

ಚರ್ಮದ ಕೆಳಗಿನ ಕೊಬ್ಬು ಅಟ್ಟದ ಮೇಲಿಟ್ಟ ಅಡಿಕೆ ಚೀಲದ ಹಾಗೆ, ಅಷ್ಟು ತೊಂದರೆಯಿಲ್ಲ. ನಮ್ಮವರ ಅಟ್ಟ ಚಿಕ್ಕದು. ತುಂಬಿದ ಮೇಲೆ ಚೀಲ ನಡುಮನೆಗೆ ಬರುತ್ತವಲ್ಲ, ಹಾಗೆ ಕೊಬ್ಬು ಕರುಳಿನ ಸುತ್ತ, ಲಿವರ್ ಒಳಗೆ ಸೇರುತ್ತದೆ. ಆಗ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮಾತು ಲಿವರ್ ಕೇಳುವುದಿಲ್ಲ, ಹೆಚ್ಚಾದ ಸಕ್ಕರೆಯನ್ನೂ ಅದು ಕೊಬ್ಬು ಮಾಡುತ್ತದೆ.

ನಿಮ್ಮ ಅಜ್ಜ ಮೂರು ಹೊತ್ತು ಅಕ್ಕಿ ತಿಂದು, ಹೊರೆ ಹೊತ್ತು ಗುಡ್ಡ ಹತ್ತಿದರು. ನೀವು ಕಡುಬು, ರೊಟ್ಟಿ, ಅನ್ನ ಅಷ್ಟೇ ತಿಂದು ತೋಟಕ್ಕೂ ಬೈಕಲ್ಲಿ ಹೋಗುತ್ತೀರಿ, ಅಲ್ವಾ? ದಿನಕ್ಕೆ ಆರು ಚಹಾ, ಒಂದೊಂದಕ್ಕೆ ಎರಡು ಚಮಚ ಅಂದರೆ 60 ಗ್ರಾಂ ಸಕ್ಕರೆ. 25ರೊಳಗಿದ್ದರೆ ಒಳ್ಳೆಯದು. ನಾನಾದರೆ ಮೊದಲು ಅಲ್ಲಿಗೇ ಕೈ ಹಾಕುತ್ತೇನೆ. ಆಮೇಲೆ ರಾತ್ರಿಯ ಅನ್ನ ಅರ್ಧ ಮಾಡಿ ಹೆಸರುಕಾಳು, ಮೊಟ್ಟೆ, ಸೊಪ್ಪು ಹೆಚ್ಚಿಸಿ. ಎರಡು ಮೂರು ಕೆ.ಜಿ. ಇಳಿದರೂ ನಿಮ್ಮ ಲಿವರ್‌ನ ಕೊಬ್ಬು ಕಮ್ಮಿಯಾಗಬಹುದು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ತೂಕ ಇಳಿಯದಿದ್ದರೂ ಲಿವರ್‌ಗೆ ಅದು ಲಾಭವೇ. ಮಳೆಗಾಲದಲ್ಲಿ ಜಗುಲಿಯಲ್ಲೇ ಬಸ್ಕಿ ಹೊಡೆಯಿರಿ.

‘ಲಿವರ್ ಕ್ಲೀನ್’ ಮಾಡುವ ಕಷಾಯ ಮಾತ್ರ ಬೇಡ. ಅಮೃತಬಳ್ಳಿ ಕುಡಿದು ಲಿವರ್‌ಗೇ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ.

ಗ್ರೇಡ್ 1 ಅಂದರೆ ಕೊಬ್ಬು ಸ್ವಲ್ಪವೇ, ಗಾಬರಿ ಬೇಡ. ಹಾಗಂತ ರಿಪೋರ್ಟ್ ಬೀರುವಿಗೂ ಹಾಕಬೇಡಿ. ಗ್ರೇಡ್ ಕೊಬ್ಬನ್ನು ಹೇಳುತ್ತದೆ, ಲಿವರ್ ಗಟ್ಟಿಯಾಗುತ್ತಿದೆಯಾ ಅಂತ ಹೇಳುವುದಿಲ್ಲ. ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾಗಿದೆಯಾ ಅಂತ ನೋಡುವ ರಕ್ತಪರೀಕ್ಷೆ), ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ), ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ, ಲಿವರ್‌ನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಬೇಕಾ ಅಂತ ವೈದ್ಯರನ್ನೇ ಕೇಳಿ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ. ಟೇಪ್ ಹೇಗೂ ತಂದಿದ್ದೀರಿ, ಅಪ್ಪನ ಸೊಂಟಕ್ಕೂ ಒಂದ್ಸಲ ಸುತ್ತಿಬಿಡಿ.